ವ್ಯಾಟ್ ಎಣಿಸಿ ಪಾಚಿ ಬೆಳೆಸುವ ಹವ್ಯಾಸ

ಅಕ್ವೇರಿಯಂ ಲೈಟು ಕೊಳ್ಳುವವರ ಲೆಕ್ಕ ಬಲು ಸರಳ. ಎರಡು ಅಡಿ ತೊಟ್ಟಿಗೆ ಇಷ್ಟು ವ್ಯಾಟ್, ಮೂರು ಅಡಿಯದಕ್ಕೆ ಇಷ್ಟು. ತೊಟ್ಟಿಯಲ್ಲಿ ಗಿಡ ಇದೆಯೇ, ಇದ್ದರೆ ಯಾವುದು ಎಂಬ ಮಾತೇ ಬರುವುದಿಲ್ಲ. ಬೆಳಿಗ್ಗೆ ಹಾಕಿದ ಲೈಟು ಆರುವುದು ಮನೆಮಂದಿ ಮಲಗುವಾಗ. ಕೆಲವೇ ವಾರಗಳಲ್ಲಿ ಗಾಜಿಗೆ ಹಸಿರು ಪದರ, ಎಲೆಯಂಚಿಗೆ ನೂಲಿನಂಥ ಪಾಚಿ. ಗಿಡ ಸೊರಗಿದ್ದು ಕಂಡು ಇನ್ನೂ ಜೋರಾದ ಲೈಟು ತಂದು ಹಾಕುವವರೂ ಇದ್ದಾರೆ.

ಕಾಯಿಲೆಗೆ ಕಾಯಿಲೆಯನ್ನೇ ಮದ್ದು ಮಾಡುವ ಕೆಲಸ ಇದು. ಬೆಳಕು ಹೆಚ್ಚಿದಷ್ಟೂ ಗಿಡಕ್ಕೆ ಇಂಗಾಲದ ಡೈಆಕ್ಸೈಡ್, ಸಾರಜನಕ, ಪೊಟ್ಯಾಸಿಯಂ ಹೆಚ್ಚು ಬೇಕು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಹಾಗಾಗಿ ಅನಿಲದ ಸಿಲಿಂಡರ್ ಇಲ್ಲದ ತೊಟ್ಟಿಗೆ ಪ್ರಖರ ದೀಪ ಹಾಕುವುದೆಂದರೆ ಒಲೆ ಹಚ್ಚದ ಮನೆಯಲ್ಲಿ ನೆಂಟರನ್ನು ಊಟದೆಲೆಯ ಮುಂದೆ ಕೂರಿಸಿದಂತೆ. ಗಿಡ ಸೊರಗುತ್ತದೆ; ಅರೆಹೊಟ್ಟೆಯಲ್ಲೂ ಬದುಕಬಲ್ಲ ಪಾಚಿ ಜಾಗ ಹಿಡಿಯುತ್ತದೆ.

ಜಪಾನಿನ ತಕಾಶಿ ಅಮಾನೊ ಕಟ್ಟಿದ ಹಸಿರು ತೊಟ್ಟಿಗಳ ಚಿತ್ರಗಳು ಈ ಹವ್ಯಾಸಕ್ಕೆ ಬಹಳ ಜನರನ್ನು ಎಳೆದವು. ಲಿಸ್ಬನ್ನಿನಲ್ಲಿ 2015ರಲ್ಲಿ ತೆರೆದ ಅವರ ತೊಟ್ಟಿಯ ಉದ್ದವೇ 40 ಮೀಟರ್. ಅಂಥ ತೊಟ್ಟಿಗಳ ಹಿಂದೆ ಅನಿಲ, ಗೊಬ್ಬರ, ಎಡೆಬಿಡದ ಕತ್ತರಿ ಕೆಲಸ, ನೀರು ಬದಲಿಸುವ ಶಿಸ್ತು ಎಲ್ಲವೂ ಇರುತ್ತವೆ. ನೋಡಿ ಅನುಕರಿಸುವವರು ಕೊಳ್ಳುವುದು ಮಾತ್ರ ಲೈಟನ್ನು.

ವ್ಯಾಟ್ ಲೆಕ್ಕ ಟ್ಯೂಬ್‌ಲೈಟ್ ಕಾಲದ್ದು. ಆಗಿನ ಟ್ಯೂಬುಗಳು ಹೆಚ್ಚುಕಮ್ಮಿ ಒಂದೇ ಬಗೆಯವಾಗಿದ್ದರಿಂದ ಅದು ಹೇಗೋ ನಡೆಯುತ್ತಿತ್ತು. ಎಲ್‌ಇಡಿಯಲ್ಲಿ ಅದೇ ವ್ಯಾಟಿಗೆ ಒಂದೊಂದು ಕಂಪನಿಯ ದೀಪ ಒಂದೊಂದು ಪ್ರಮಾಣದ ಬೆಳಕು ಕೊಡುತ್ತದೆ. ಲ್ಯೂಮೆನ್ ನೋಡೋಣವೆಂದರೆ ಅದು ಮನುಷ್ಯನ ಕಣ್ಣಿಗೆಂದು ಮಾಡಿದ ಅಳತೆ; 555 ನ್ಯಾನೋಮೀಟರಿನ ಹಸಿರಿಗೇ ಅದರಲ್ಲಿ ಹೆಚ್ಚು ಬೆಲೆ. ಗಿಡದ ಅಳತೆ ‘ಪಾರ್’. 400ರಿಂದ 700 ನ್ಯಾನೋಮೀಟರಿನ ಬೆಳಕು ಎಲೆಯವರೆಗೆ ಎಷ್ಟು ತಲುಪಿತು ಎಂಬುದನ್ನು ಅದು ಹೇಳುತ್ತದೆ.

ಎಲ್ಲ ಗಿಡಕ್ಕೂ ಒಂದೇ ದೀಪ ಆಗದು. ಅನುಬಿಯಾಸ್, ಜಾವಾ ಫರ್ನ್, ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಬಂಧುಗಳಿರುವ ಕ್ರಿಪ್ಟೊಕೊರೈನ್ ಮಂದ ಬೆಳಕಿನಲ್ಲೇ ಹಾಯಾಗಿರುತ್ತವೆ. ಅನುಬಿಯಾಸ್ ಎಲೆ ಬಿಡುವುದೇ ನಿಧಾನ. ಪ್ರಖರ ಬೆಳಕಿನ ಕೆಳಗೆ ಅದರ ದಪ್ಪ ಎಲೆಯ ಮೇಲೆ ಹಸಿರು ಚುಕ್ಕೆ ಪಾಚಿ ಕೂತರೆ ಉಗುರಿನಿಂದ ಕೆರೆದರೂ ಏಳುವುದು ಕಷ್ಟ. ದಕ್ಷಿಣ ಭಾರತದ್ದೇ ಆದ ಕೆಂಪು ರೊಟಾಲಾ ಮ್ಯಾಕ್ರಾಂಡ್ರಾದ ಕಥೆ ಬೇರೆ. ಬೆಳಕು ಸಾಲದಿದ್ದರೆ ಬಣ್ಣ ಮಾಸಿ, ಗಣ್ಣುಗಳ ಅಂತರ ಹಿಗ್ಗಿ, ಬುಡದ ಎಲೆಗಳು ಉದುರುತ್ತವೆ.

ಹೊಸಬರು ಮೊದಲು ಗಿಡ ಆರಿಸಬೇಕು, ಆಮೇಲೆ ದೀಪ. ಆರಂಭಕ್ಕೆ ದಿನಕ್ಕೆ ಆರೇಳು ಗಂಟೆ ಬೆಳಕು ಧಾರಾಳ. ಅದಕ್ಕೊಂದು ಟೈಮರ್ ಇದ್ದರೆ ನೆನಪಿನ ಹಂಗಿಲ್ಲ. ದೀಪ ಪ್ರಖರ ಎನಿಸಿದರೆ ಮೇಲಕ್ಕೆತ್ತಿ ಕಟ್ಟಬಹುದು. ಇನ್ನು ಕಂಪನಿಗಳು: ಡಬ್ಬಿಯ ತುಂಬ ಬಣ್ಣದ ಮೀನು ಅಚ್ಚು ಹಾಕಿಸುವವರು, ಒಂದೂವರೆ ಅಡಿ ಆಳದಲ್ಲಿ ತಮ್ಮ ದೀಪದ ಪಾರ್ ಎಷ್ಟು ಎಂಬ ಒಂದು ಸಂಖ್ಯೆಯನ್ನೂ ಪಕ್ಕದಲ್ಲಿ ನಮೂದಿಸಲಿ.