ಹಾಸ್ಟೆಲಿಗೆ ಬಿಡುವ ಮುನ್ನ ಈ ಪ್ರಶ್ನೆ ಕೇಳಿದ್ದೀರಾ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನಮ್ಮ ತೋಡಾರಿನಲ್ಲಿ ಹಾದುಹೋಗುವ ಕಾರುಗಳನ್ನು ನೋಡಬೇಕು. ಡಿಕ್ಕಿಯಲ್ಲಿ ಹಾಸಿಗೆ, ಬಕೆಟ್ಟು, ಹೊಸ ಟ್ರಂಕು. ಎಲ್ಲವೂ ಮೂಡುಬಿದಿರೆಯ ಕಡೆಗೆ. ದೂರದೂರದ ಜಿಲ್ಲೆಗಳಿಂದ ಮಕ್ಕಳನ್ನು ಪಿಯುಸಿಗೆ ಸೇರಿಸಲು ಬರುವ ಅಪ್ಪ ಅಮ್ಮಂದಿರು ಫೀಸು ಎಷ್ಟು, ಊಟ ಹೇಗೆ, ಕಳೆದ ಸಲ ನೀಟ್‌ನಲ್ಲಿ ಎಷ್ಟು ಸೀಟು ಬಂತು ಎಂದೆಲ್ಲ ವಿಚಾರಿಸುತ್ತಾರೆ. "ನಿಮ್ಮಲ್ಲಿ ಕೌನ್ಸೆಲರ್ ಇದ್ದಾರಾ?" ಅಂತ ಕೇಳುವವರು ಎಷ್ಟು ಮಂದಿ?

ಕೇಳುವುದು ಈಗ ನಮ್ಮ ಹಕ್ಕು. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿಗೆ ಸೇರಿದ್ದ 17ರ ಹುಡುಗಿಯೊಬ್ಬಳು 2023ರಲ್ಲಿ ತೀರಿಕೊಂಡಳು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ದೇಶಕ್ಕೆಲ್ಲ ಅನ್ವಯಿಸುವ 15 ಮಾರ್ಗಸೂಚಿಗಳನ್ನು ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚಿಗೆ ಹಾಕುವುದು, ಎಲ್ಲರೆದುರು ಅವಮಾನಿಸುವುದು ಸಲ್ಲದು. ಕೋಚಿಂಗ್ ಸೆಂಟರು, ಹಾಸ್ಟೆಲುಗಳಿಗೂ ಇದು ಅನ್ವಯ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಪರೀಕ್ಷೆಯಲ್ಲಿ ಫೇಲಾದದ್ದೇ ಕಾರಣ ಎಂದು ದಾಖಲಾದದ್ದು 2,248. ಅಂದರೆ, 'ನಮ್ಮ ಮಗು ಚೆನ್ನಾಗಿ ಓದುತ್ತದೆ, ನಮಗೇನು ಭಯ' ಅಂತ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ.

ಇದೇ ವಯಸ್ಸಿನಲ್ಲಿ ಯಾಕೆ? ಐದು ವರ್ಷಕ್ಕೆಲ್ಲ ಮಗುವಿನ ಮಿದುಳು ದೊಡ್ಡವರ ಮಿದುಳಿನ ಶೇ. 90ರಷ್ಟು ಗಾತ್ರಕ್ಕೆ ಬೆಳೆದಿರುತ್ತದೆ. ಹಾಗಂತ ಕೆಲಸ ಮುಗಿಯಿತು ಅಂತಲ್ಲ. ನಮ್ಮ ಸಾಣೂರು-ಬಿಕರ್ನಕಟ್ಟೆ ಹೆದ್ದಾರಿ ಅಗಲವಾಗುವುದನ್ನು ವರ್ಷಗಟ್ಟಲೆ ನೋಡಿದ್ದೇವಲ್ಲ, ಒಂದು ಬದಿ ಅಗೆಯುತ್ತಿದ್ದರೆ ಇನ್ನೊಂದು ಬದಿಯಲ್ಲಿ ಬಸ್ಸು ಓಡುತ್ತಲೇ ಇತ್ತು. ಹದಿಹರೆಯದ ಮಿದುಳೂ ಹಾಗೇ. ಬೇಡದ ನರಸಂಪರ್ಕಗಳು ಕತ್ತರಿಸಿ ಹೋಗುತ್ತವೆ, ಬೇಕಾದವು ಗಟ್ಟಿಯಾಗುತ್ತವೆ. ಭಾವನೆಗಳ ಭಾಗ ಬೇಗ ಚುರುಕಾಗುತ್ತದೆ. ಯೋಚಿಸಿ ತಡೆ ಹಾಕುವ ಮುಂಭಾಗ ಮಾತ್ರ 25ರ ಹತ್ತಿರಕ್ಕೆ ಪಕ್ವವಾಗುವುದು. ದೊಡ್ಡವರ ಮಾನಸಿಕ ಕಾಯಿಲೆಗಳಲ್ಲಿ ಮೂರನೇ ಒಂದು ಪಾಲು 14ರೊಳಗೆ, ಅರ್ಧದಷ್ಟು 18ರೊಳಗೆ ಶುರುವಾಗಿರುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಮಕ್ಕಳನ್ನು ಮನೆಯಿಂದ ದೂರ ಕಳುಹಿಸುವುದೂ ಸರಿಯಾಗಿ ಇದೇ ಹೊತ್ತಿಗೆ!

2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂತು. 60 ಮಕ್ಕಳ ಕ್ಲಾಸಿನಲ್ಲಿ ನಾಲ್ವರು ಅಂತ ಲೆಕ್ಕ ಹಾಕಿಕೊಳ್ಳಿ.

ನನ್ನ ಪರಿಚಯದವರೊಬ್ಬರ ಮಗಳು ಹಾಗೇ ಹಾಸ್ಟೆಲು ಸೇರಿದವಳು. ಭಾನುವಾರದ ಫೋನಿನಲ್ಲಿ "ನಿದ್ದೆ ಬರ್ತಿಲ್ಲ ಅಮ್ಮಾ" ಅನ್ನುತ್ತಿದ್ದಳು. "ಎಲ್ಲರೂ ಓದ್ತಿಲ್ವಾ, ನಿನಗೊಬ್ಬಳಿಗೇನು ಕಷ್ಟ?" ಅಂದುಬಿಟ್ಟರು ಇವರು. ದಸರಾ ರಜೆಗೆ ಬಂದಾಗ ನೋಡಿದರೆ ತಲೆ ಬಾಚಿಕೊಳ್ಳಲೂ ಮನಸ್ಸಿಲ್ಲ, ಊಟ ಸೇರುವುದಿಲ್ಲ. ದೃಷ್ಟಿ ಆಗಿದೆ ಅಂದರು ನೆಂಟರು. ನೂಲು ಕಟ್ಟಿಸಿದ್ದಾಯಿತು, ದೈವಕ್ಕೆ ಹರಕೆ ಹೇಳಿದ್ದಾಯಿತು. ಮನೋವೈದ್ಯರ ಹತ್ತಿರ ಹೋಗುವಾಗ ಎರಡು ತಿಂಗಳು ಕಳೆದಿತ್ತು. ಖಿನ್ನತೆ ಅಂದರು ಡಾಕ್ಟರು. ಮಾತುಕತೆಯ ಚಿಕಿತ್ಸೆ, ಜೊತೆಗೆ ಮಾತ್ರೆ. ಒಂಬತ್ತು ತಿಂಗಳಲ್ಲಿ ಹುಡುಗಿ ಚೇತರಿಸಿಕೊಂಡಳು. ಆದರೆ ಆ ಫೋನಿನ ಮಾತು ನೆನಪಾದರೆ ತಾಯಿಗೆ ಇವತ್ತಿಗೂ ಕಣ್ಣು ತುಂಬುತ್ತದೆ.

ಹರಕೆ ಬೇಡ ಅನ್ನುವುದಿಲ್ಲ, ನಾನೂ ಹೇಳಿಕೊಳ್ಳುವವಳೇ. ಡಾಕ್ಟರ ಹತ್ತಿರ ಹೋಗುವುದನ್ನು ಮಾತ್ರ ಅದರ ನೆಪದಲ್ಲಿ ಮುಂದೆ ಹಾಕಬೇಡಿ. ಎರಡು ವಾರ ಬಿಡದೆ ಬೇಸರ, ಸಿಡುಕು, ನಿದ್ದೆಗೇಡು, ಗೆಳತಿಯರಿಂದ ದೂರ ಸರಿಯುವುದು ಕಂಡರೆ ಸುಮ್ಮನಿರಬಾರದು. ಸಾಯುವ ಮಾತು ಬಂದರಂತೂ ಅದೇ ದಿನ ಹೊರಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. 'ಹಾಗೆ ಅನ್ನಿಸ್ತದಾ?' ಅಂತ ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಖಿನ್ನತೆಯ ಮಾತ್ರೆ ಚಟವಾಗುತ್ತದೆ ಅನ್ನುವುದೂ ಅಷ್ಟೇ. ಹುಷಾರಾಯಿತು ಅಂತ ನಾವೇ ಫಕ್ಕನೆ ನಿಲ್ಲಿಸಬಾರದು, ಅಷ್ಟೆ.

ಎಲ್ಲಿಗೆ ಹೋಗುವುದು ಅಂತೀರಾ? 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಮ್ಮ ಕಡೆಯವರಿಗೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಇದೆ. ಮನೆಯಲ್ಲಿ ನಮ್ಮ ಕೈಲಾಗುವುದು ದೊಡ್ಡದೇನಲ್ಲ. ಈ ವಯಸ್ಸಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸುವ ಹಾಸ್ಟೆಲನ್ನು 'ಶಿಸ್ತು' ಅಂತ ಹೊಗಳುವ ಮೊದಲು ಎಷ್ಟು ಹೊತ್ತಿಗೆ ಮಲಗಿಸುತ್ತಾರೆ ಅಂತ ಕೇಳಿ. ಫೋನಿನಲ್ಲಿ ಟೆಸ್ಟಿನ ಅಂಕ ಕೊನೆಗೆ ಕೇಳಿದರಾಯಿತು.

ಆ ಪರಿಚಯದವರ ಎರಡನೇ ಮಗನ ಸರದಿ ಈ ಸಲ. ಅಡ್ಮಿಷನ್ ಕೌಂಟರಿನಲ್ಲಿ ಮೊದಲು ಕೇಳಿದ್ದೇ ಕೌನ್ಸೆಲರ್ ಬಗ್ಗೆಯಂತೆ. ಅಲ್ಲಿದ್ದ ಹುಡುಗ "ಯಾರು?" ಅಂತ ಕೇಳಿ, ಒಳಗೆ ಹೋಗಿ ವಿಚಾರಿಸಿ ಬಂದು, ವಾರಕ್ಕೆ ಎರಡು ದಿನ ಇರುತ್ತಾರೆ ಅಂದ. ಯಾವ ಎರಡು ದಿನ, ಎಷ್ಟು ಹೊತ್ತಿಗೆ, ಯಾವ ರೂಮು ಎಂದು ಬರೆಸಿಕೊಂಡ ಮೇಲೇ ಇವರು ಫೀಸು ಕಟ್ಟಿದ್ದು.