ಸ್ಟೇರಿಂಗ್ ತಿರುಗಿದರೆ ಸಾಲದು, ಚಕ್ರ ತಿರುಗಬೇಕು!



ಮಲೆನಾಡಿನ ಯಾವ ಊರಿಗೆ ಹೋದರೂ ನಿಮ್ಮ ಕಣ್ಣಿಗೆ ಒಂದು ಹಳೇ ಜೀಪು ಬಿದ್ದೇ ಬೀಳುತ್ತದೆ. ಕೊಡಗಿನ ಕಾಫಿ ತೋಟದಲ್ಲಿ ಗೊಬ್ಬರದ ಮೂಟೆ ಹೊರುವುದು ಅದೇ. ಮಂಡಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವುದು ಅದೇ. ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಏದುಸಿರು ಬಿಡುವುದೂ ಅದೇ. ಸುರಿಯುವ ಮಳೆಯಲ್ಲಿ, ಬಸ್ಸು ಬಾರದ ಹಳ್ಳಿಯಿಂದ ತುಂಬು ಬಸುರಿಯನ್ನು ಆಸ್ಪತ್ರೆಗೆ ತಲುಪಿಸುವುದೂ ಅದೇ ಗಾಡಿ. ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ಕೆಸರಿನಿಂದ ಎದ್ದು ಬರುವ ಈ ಗಾಡಿಯನ್ನು ನಾವೆಲ್ಲ ಹೊಗಳುತ್ತೇವೆ. ಆದರೆ ಅದರ ಸ್ಟೇರಿಂಗ್ ಎಷ್ಟು ಸಡಿಲವಾಗಿದೆ ಎಂದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಹಳೇ ಜೀಪಿನವರನ್ನು ಕೇಳಿ ನೋಡಿ. "ಸ್ವಲ್ಪ ಪ್ಲೇ ಇದೆ ಸಾರ್, ಜೀಪು ಅಂದ್ರೆ ಹಾಗೇನೇ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಸ್ವಾಮಿ, ಜೀಪು ಅಂದರೆ ಹಾಗಲ್ಲ! ಸವೆದ ಜೀಪು ಅಂದರೆ ಹಾಗೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಇದನ್ನು ಬಿಡಿಸಿ ಹೇಳಿದೆ. ಸ್ಟೇರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚು ಸಡಿಲ ಇರಕೂಡದು. ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು. ಬೋಲ್ಟು, ಪಿನ್ನುಗಳು ಕಳಚದಂತೆ ಭದ್ರವಾಗಿರಬೇಕು. ಗಡಿಯಾರದ ಮುಖದ ಮೇಲೆ ಅಳೆದರೆ 30 ಡಿಗ್ರಿ ಎಂದರೆ 12ರಿಂದ 1ರವರೆಗಿನ ಅಂತರ. ನಮ್ಮ ಘಾಟಿ ರಸ್ತೆಗಳಲ್ಲಿ 12ರಿಂದ 3ರವರೆಗೆ ತಿರುಗಿಸಿದ ಮೇಲೆ ಚಕ್ರ ಅಲುಗುವ ಗಾಡಿಗಳು ಎಷ್ಟು ಓಡುತ್ತಿಲ್ಲ? ಅವುಗಳ ಹಿಂದಿನ ಸೀಟಿನಲ್ಲಿ ಎಷ್ಟು ಜೀವಗಳು ಕೂತಿರುತ್ತವೆ?

ಮಾಲೀಕರಿಗೆ ಮನಸ್ಸಿಲ್ಲ ಎಂದು ಬೈದು ಮುಗಿಸುವ ಮಾತಲ್ಲ ಇದು. ಮನಸ್ಸಿದ್ದವನಿಗೂ ಸರಿಯಾದ ಪಾರ್ಟು ಸಿಗುತ್ತಿಲ್ಲ. ಯಾಕೆ ಸಿಗುತ್ತಿಲ್ಲ ಎಂಬುದನ್ನು ತಿಳಿಯಬೇಕಾದರೆ ಈ ಗಾಡಿಯ ವಂಶಾವಳಿಯನ್ನು ಸ್ವಲ್ಪ ನೋಡಬೇಕು.

ಎರಡನೇ ಮಹಾಯುದ್ಧಕ್ಕೆಂದು 1941ರಿಂದ 1945ರವರೆಗೆ ಅಮೆರಿಕದಲ್ಲಿ ತಯಾರಾದ ವಿಲ್ಲೀಸ್ ಜೀಪು ಈ ವಂಶದ ಮೂಲಪುರುಷ. ಸ್ವಾತಂತ್ರ್ಯ ಬಂದ ಕಾಲಕ್ಕೆ ಮಹೀಂದ್ರ ಕಂಪನಿ ಅದನ್ನು ಇಲ್ಲಿ ಜೋಡಿಸತೊಡಗಿತು. ಅಮೆರಿಕದಲ್ಲಿ 1953ರಲ್ಲಿ ಬಂದ ಸಿಜೆ-3ಬಿ ಮಾದರಿ ಅಲ್ಲಿ 1968ಕ್ಕೆ ನಿಂತುಹೋಯಿತು. ನಮ್ಮಲ್ಲಿ ಮಾತ್ರ ಅದೇ ಮೂತಿಯ ಜೀಪು ದಶಕಗಟ್ಟಲೆ ತಯಾರಾಯಿತು. ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂತು, ಎಂಎಂ 540 ಬಂತು, ಗೇರುಬಾಕ್ಸು ಬದಲಾಯಿತು, ಆಕ್ಸಲ್ ಬದಲಾಯಿತು. ಹೊರಗಿನ ಮೂತಿ ಒಂದೇ, ಒಳಗಿನ ಅಳತೆ ಹತ್ತು! ಇದರ ಮೇಲೆ ನಮ್ಮ ಗ್ಯಾರೇಜಿನವರ ಕೈಚಳಕ ಬೇರೆ. ಒಂದು ಜೀಪಿನ ಚಾಸಿಸ್, ಇನ್ನೊಂದರ ಆಕ್ಸಲ್, ಮತ್ತೊಂದರ ಸ್ಟೇರಿಂಗ್ ಬಾಕ್ಸ್. ಹೀಗಿರುವಾಗ ಅಂಗಡಿಗೆ ಹೋಗಿ "ಜೀಪಿನ ಟೈರಾಡ್ ಎಂಡ್ ಕೊಡಿ" ಎಂದರೆ ಅವನು ಯಾವುದನ್ನು ಕೊಟ್ಟಾನು? ಸೈನ್ಯದ ಹರಾಜಿನಿಂದ ಬಂದ ಜೋಂಗಾ ಇಟ್ಟುಕೊಂಡವರ ಪಾಡು ಇನ್ನೂ ಕಷ್ಟ. ಜಬಲ್‌ಪುರದ ಸರ್ಕಾರಿ ಕಾರ್ಖಾನೆಯಲ್ಲಿ 1969ರಿಂದ ತಯಾರಾಗುತ್ತಿದ್ದ ಆ ಗಾಡಿ 1999ಕ್ಕೇ ನಿಂತುಹೋಗಿದೆ.

ಆದ್ದರಿಂದ ಪಾರ್ಟು ಹುಡುಕುವ ಕೆಲಸ ಅಂಗಡಿಯಲ್ಲಿ ಶುರುವಾಗಬಾರದು. ಗಾಡಿಯ ಕೆಳಗೆ ಶುರುವಾಗಬೇಕು.

ಹಳೇ ವಿಲ್ಲೀಸ್ ವಂಶದ ಜೀಪಿನಲ್ಲಿ ನಿಮ್ಮ ಕೈಯ ಮಾತು ಚಕ್ರಕ್ಕೆ ಹೇಗೆ ತಲುಪುತ್ತದೆ ನೋಡಿ. ಮೊದಲು ಸ್ಟೇರಿಂಗ್ ಬಾಕ್ಸ್. ಅದರಿಂದ ಹೊರಬರುವ ಶಾಫ್ಟಿಗೆ ಪಿಟ್‌ಮನ್ ಆರ್ಮ್. ಅದಕ್ಕೆ ಡ್ರ್ಯಾಗ್ ಲಿಂಕ್. ಅದರ ತುದಿಗೆ ಮುಂಭಾಗದ ಮಧ್ಯದಲ್ಲಿ ಕೂತ ಬೆಲ್ ಕ್ರ್ಯಾಂಕ್. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಟೈರಾಡ್. ಕೊನೆಗೆ ಕಿಂಗ್ ಪಿನ್ ಮೇಲೆ ತಿರುಗುವ ಚಕ್ರ. ಒಂದೊಂದು ಕೀಲಿನಲ್ಲೂ ಕೂದಲೆಳೆಯಷ್ಟು ಸವೆದರೂ ಸಾಕು, ಎಲ್ಲ ಕೂಡಿ ನಿಮ್ಮ ಕೈಯಲ್ಲಿ ಗೇಣುದ್ದದ ಸಡಿಲ. ಬಹಳ ಗಾಡಿಗಳಲ್ಲಿ ನಿಜವಾದ ಕಳ್ಳ ಬೆಲ್ ಕ್ರ್ಯಾಂಕ್. ನೀರು, ಕೆಸರು ನೇರ ಬಡಿಯುವ ಜಾಗದಲ್ಲಿ ಅದು ಕೂತಿದೆ. ಅದಕ್ಕೆ ಗ್ರೀಸ್ ಹೊಡೆಯುವವರು ಕಡಿಮೆ. ಆದರೆ ಬೈಗುಳ ಬೀಳುವುದು ಮಾತ್ರ ಸ್ಟೇರಿಂಗ್ ಬಾಕ್ಸಿಗೆ!

ಕಳ್ಳನನ್ನು ಹಿಡಿಯಲು ಖರ್ಚಿಲ್ಲ. ಎಂಜಿನ್ ಆಫ್ ಮಾಡಿ, ಚಕ್ರ ನೆಲದ ಮೇಲಿರುವಾಗಲೇ ಒಬ್ಬರು ಸ್ಟೇರಿಂಗನ್ನು ಮೆಲ್ಲಗೆ ಆಚೆ ಈಚೆ ಅಲ್ಲಾಡಿಸಲಿ. ಇನ್ನೊಬ್ಬರು ಕೆಳಗೆ ಕೂತು ಒಂದೊಂದೇ ಕೀಲನ್ನು ನೋಡಲಿ. ಯಾವ ಕೀಲಿನ ಒಂದು ಕಡೆ ಅಲುಗಿ ಇನ್ನೊಂದು ಕಡೆ ಸುಮ್ಮನಿರುತ್ತದೋ ಅಲ್ಲಿದೆ ಸವೆತ. ಆಮೇಲೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರದ ಮೇಲ್ಭಾಗ ಕೆಳಭಾಗ ಹಿಡಿದು ಅಲ್ಲಾಡಿಸಿ. ಅಲುಗಿದರೆ ಯಾರನ್ನಾದರೂ ಬ್ರೇಕ್ ಒತ್ತಲು ಹೇಳಿ. ಅಲುಗಾಟ ನಿಂತರೆ ತೊಂದರೆ ಚಕ್ರದ ಬೇರಿಂಗಿನಲ್ಲಿದೆ. ನಿಲ್ಲದಿದ್ದರೆ ಕಿಂಗ್ ಪಿನ್ನಿನಲ್ಲಿದೆ. ಈ ಅರ್ಧ ಗಂಟೆಯ ಕೆಲಸ ಮಾಡದೆ ಸ್ಟೇರಿಂಗ್ ಬಾಕ್ಸನ್ನೇ ಬದಲಿಸಿ ಹಣ ಕಳೆದುಕೊಳ್ಳುವವರು ಎಷ್ಟೋ ಮಂದಿ.

ಬಾಕ್ಸಿನ ಪಕ್ಕದ ಸ್ಕ್ರೂ ಬಿಗಿ ಮಾಡಿ "ಸರಿಯಾಯ್ತು, ತಗೊಂಡು ಹೋಗಿ" ಎನ್ನುವವರ ಬಗ್ಗೆ ಎಚ್ಚರ. ಬಾಕ್ಸ್ ಒಳಗೆ ಹೆಚ್ಚು ಸವೆಯುವುದು ನೇರ ಓಡುವ ನಡುಭಾಗ. ಆ ಸವೆತ ಮುಚ್ಚುವಷ್ಟು ಬಿಗಿ ಮಾಡಿದರೆ ಪೂರ್ತಿ ತಿರುಗಿಸುವಾಗ ಸ್ಟೇರಿಂಗ್ ಕಚ್ಚಿಕೊಳ್ಳುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಕಚ್ಚಿಕೊಂಡರೆ ಮುಂದಿನ ಕಥೆ ಹೇಳಬೇಕೆ? ಎಣ್ಣೆ ಸೋರುತ್ತದೆ ಎಂದು ಗಟ್ಟಿ ಗ್ರೀಸ್ ತುರುಕುವುದೂ ಇದೇ ಜಾತಿಯ ಕೆಲಸ. ಗ್ರೀಸ್ ಪಕ್ಕಕ್ಕೆ ಸರಿದು ಕೂರುತ್ತದೆ, ಒಳಗಿನ ಲೋಹ ಒಣಗಿಯೇ ತಿರುಗುತ್ತದೆ. ಸೋರುವ ಸೀಲಿಗೆ ಮದ್ದು ಹೊಸ ಸೀಲೇ ಹೊರತು ಗ್ರೀಸ್ ಅಲ್ಲ.

ಇನ್ನು ಅಂಗಡಿಗೆ ಹೋಗೋಣ. ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ಶಿವಾಜಿನಗರದ ಗುಜರಿ ಇದೆ. ಹೊರಗೆ ಮದ್ರಾಸಿನ ಪುದುಪೇಟೆ, ದಿಲ್ಲಿಯ ಕಾಶ್ಮೀರಿ ಗೇಟ್ ಇವೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಹಳೇ ಜೀಪು ಕಟ್ಟುವುದೇ ಕಸುಬು. ಸ್ಟೇರಿಂಗ್ ಭಾಗಗಳನ್ನೇ ಕಸುಬಾಗಿ ಮಾಡುವ ಮದ್ರಾಸಿನ ರಾಣೆಯಂಥ ಕಂಪನಿಗಳೂ ಇವೆ. ಅಮೆರಿಕದಲ್ಲಿ ಇಂದಿಗೂ ವಿಲ್ಲೀಸ್ ಭಾಗ ಮಾರುವವರಿದ್ದಾರೆ. ಆದರೆ ಅಲ್ಲಿನ ಗಾಡಿಗೆ ಸ್ಟೇರಿಂಗ್ ಎಡಕ್ಕೆ, ನಮ್ಮಲ್ಲಿ ಬಲಕ್ಕಿರುವ ಗಾಡಿಗಳೂ ಇವೆ. ಅಲ್ಲಿನ ಬಾಕ್ಸ್ ತರಿಸಿ ಅಂಥ ಗಾಡಿಗೆ ನೇರ ಕೂರಿಸುತ್ತೇನೆ ಎಂದುಕೊಂಡವರು ಮೋಸ ಹೋಗುತ್ತಾರೆ. ಎಲ್ಲಿಗೇ ಹೋಗಿ, ಬರಿಗೈಯಲ್ಲಿ ಹೋಗಬೇಡಿ. ಬಿಚ್ಚಿದ ಹಳೇ ಪಾರ್ಟು ಚೀಲದಲ್ಲಿರಲಿ. ಗಾಡಿಯ ಮಾದರಿ, ತಯಾರಾದ ವರ್ಷ, ಚಾಸಿಸ್ ನಂಬರು ಚೀಟಿಯಲ್ಲಿರಲಿ. ಟೈರಾಡ್ ಎಂಡಿನಲ್ಲಿ ಎಡಮರೆ ಯಾವುದು ಬಲಮರೆ ಯಾವುದು ಎಂದು ಗುರುತು ಹಾಕಿಕೊಳ್ಳಿ. ಪಿನ್ನಿನ ಓರೆಯ ಅಳತೆ ಹಳೆಯದಕ್ಕೂ ಹೊಸದಕ್ಕೂ ಒಂದೇ ಇರಬೇಕು. ರಂಧ್ರದಲ್ಲಿ ಸಡಿಲವಾಗಿ ಕೂರುವ ಪಿನ್ನನ್ನು ನಟ್ಟಿನ ಬಲದಿಂದ ಹಿಡಿದಿಡಲು ಆಗುವುದಿಲ್ಲ. ಬಿಚ್ಚುವ ಮೊದಲೇ ಟೈರಾಡಿನ ಉದ್ದ ಅಳೆದಿಟ್ಟುಕೊಳ್ಳಿ. ಜೋಡಿಸಿದ ಮೇಲೆ ಹೊಸ ಸ್ಪ್ಲಿಟ್ ಪಿನ್ನನ್ನೇ ಹಾಕಿಸಿ, ಚಕ್ರದ ಅಲೈನ್‌ಮೆಂಟ್ ನೋಡಿಸಿ.

ಮಾರುಕಟ್ಟೆಯಲ್ಲಿ ಡೂಪ್ಲಿಕೇಟಿನ ಹಾವಳಿ ಯಾರಿಗೆ ಗೊತ್ತಿಲ್ಲ? ಡಬ್ಬಿಯ ಮೇಲೆ ದೊಡ್ಡ ಕಂಪನಿಯ ಹೆಸರು, ಒಳಗೆ ಹೆಸರಿಲ್ಲದ ಮಾಲು. ಕಾಗುಣಿತ ತಪ್ಪಿದ ಡಬ್ಬಿ, ಒರಟು ಎರಕ, ತಡೆಯಿಲ್ಲದೆ ಗಿರಗಿರ ತಿರುಗುವ ಬಾಲ್, ಕೈಯಲ್ಲೇ ಬಿರಿಯುವ ರಬ್ಬರು, ಪಾರ್ಟಿನ ಮೇಲೆ ನಂಬರಿಲ್ಲ, ಬಿಲ್ಲೂ ಇಲ್ಲ. ಇವುಗಳಲ್ಲಿ ಒಂದು ಕಂಡರೂ ವಾಪಸ್ ಇಟ್ಟು ಬನ್ನಿ. ದೀಪದ ಗಾಜು ಡೂಪ್ಲಿಕೇಟ್ ಆದರೆ ಬೆಳಕು ಕಡಿಮೆಯಾದೀತು. ಸ್ಟೇರಿಂಗಿನ ಕೀಲು ಡೂಪ್ಲಿಕೇಟ್ ಆದರೆ ಗಾಡಿಯೇ ಕಣಿವೆಗೆ ಇಳಿಯುತ್ತದೆ.

ಹಾಗಾದರೆ ಸಿಗದ ಪಾರ್ಟಿಗೆ ಏನು ಮಾಡುವುದು? ನಮ್ಮ ಲೇತಿನವರಿದ್ದಾರೆ! ಬೆಲ್ ಕ್ರ್ಯಾಂಕಿನ ಬುಷ್ಷನ್ನೋ ಪಿನ್ನನ್ನೋ ಒಳ್ಳೆಯ ಉಕ್ಕಿನಲ್ಲಿ, ಹದ ಹಾಕಿಸಿ, ಅಳತೆಗೆ ಕಡೆದುಕೊಡುವ ಕೈಗಳು ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಇವೆ. ಆದರೆ ಒಂದು ಗೆರೆ ಇದೆ, ಅದನ್ನು ದಾಟಬೇಡಿ. ಬುಷ್ ಕಡೆಸಿ, ಬಿರುಕು ಬಿಟ್ಟ ಆರ್ಮಿಗೆ ವೆಲ್ಡಿಂಗ್ ಮಾಡಿಸಬೇಡಿ. ಹದ ಹಾಕಿದ ಉಕ್ಕಿಗೆ ವೆಲ್ಡಿಂಗ್ ಬಿಸಿ ತಾಗಿದರೆ ಆ ಹದ ಕೆಡುತ್ತದೆ, ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ.

ಈಗ ಭಾಷೆಯ ಮಾತು. ಇಲ್ಲೇನು ಭಾಷೆಯ ಮಾತು ಎನ್ನಬೇಡಿ. ಟೈರಾಡ್ ಎಂಡಿನ ಡಬ್ಬಿಯನ್ನು ತಿರುಗಿಸಿ ನೋಡಿ, ಎಲ್ಲವೂ ಇಂಗ್ಲಿಷ್. ಎಡಮರೆ, ಬಲಮರೆ, ಯಾವ ಮಾದರಿಗೆ, ಎಷ್ಟು ಬಿಗಿ ಮಾಡಬೇಕು, ಒಂದೂ ನಮ್ಮ ಮೆಕ್ಯಾನಿಕ್ ಓದುವ ಭಾಷೆಯಲ್ಲಿಲ್ಲ. 2011ರ ಪೊಟ್ಟಣ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು. ಬೇರೆ ಭಾಷೆ ಹೆಚ್ಚುವರಿಯಾಗಿ ಹಾಕಿದರೆ ಅಡ್ಡಿಯಿಲ್ಲವಂತೆ! ಅಡ್ಡಿಯಿಲ್ಲ ಎಂದರೆ ಯಾರು ಹಾಕುತ್ತಾರೆ? ನಮ್ಮ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು, ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. ಆದರೆ ಜೀಪಿನ ಬಹಳ ಪಾರ್ಟು ಹೊರರಾಜ್ಯಗಳಿಂದ ಬರುತ್ತವೆ. ಅವುಗಳಿಗೆ ಆ ಮಾತು ತಾಗುವುದಿಲ್ಲ. ಪ್ರಾಣ ಹಿಡಿದಿಡುವ ಪಾರ್ಟಿನ ಸೂಚನೆಯನ್ನು ಅದನ್ನು ಜೋಡಿಸುವವನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಿ ಎಂದು ಕೇಳುವುದು ಹಟವಲ್ಲ, ಹಕ್ಕು.

ಸರ್ಕಾರವನ್ನೂ ಕೇಳೋಣ. 15 ವರ್ಷ ದಾಟಿದ ಕಾರು, ಜೀಪುಗಳ ಮರುನೋಂದಣಿ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿದ್ದು ಕೇಂದ್ರ ಸರ್ಕಾರ. ಸರಿ, ಹಣ ಕಟ್ಟೋಣ. ಆದರೆ ಹಣ ಕಟ್ಟಿಸಿಕೊಂಡವರು ಗಾಡಿಯ ಕೆಳಗೆ ಬಗ್ಗಿ ಒಂದು ಕೀಲನ್ನಾದರೂ ಅಲ್ಲಾಡಿಸಿ ನೋಡಬೇಡವೇ? 98ನೇ ನಿಯಮ ಪುಸ್ತಕದಲ್ಲಿ ಮಲಗಲು ಹುಟ್ಟಿದ್ದೇ? ಸರ್ಕಾರಿ ಐಟಿಐಗಳಲ್ಲಿ ಲೇತ್ ಇವೆ, ಕಲಿಯುವ ಹುಡುಗರಿದ್ದಾರೆ. ಮಲೆನಾಡಿನ ಐಟಿಐಗಳಲ್ಲಾದರೂ ಹಳೇ ಜೀಪಿನ ಬುಷ್, ಪಿನ್ನುಗಳ ಅಳತೆಯ ಪಟ್ಟಿ ಕನ್ನಡದಲ್ಲಿ ತಯಾರಿಸಿ ಗ್ಯಾರೇಜುಗಳಿಗೆ ಹಂಚಲು ಎಷ್ಟು ಖರ್ಚಾದೀತು?

ನೀವು ಮಾಡಬೇಕಾದ್ದೂ ಇದೆ. ಪಾರ್ಟು ಕೊಂಡಾಗ ಬಿಲ್ಲು ಕೇಳಿ ಪಡೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷದ ವಸ್ತುವಿನಿಂದ ಆದ ಹಾನಿಗೆ ತಯಾರಕ, ಮಾರಾಟಗಾರರನ್ನು ಹೊಣೆ ಮಾಡಲು ದಾರಿ ಇದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ಬಿಲ್ಲಿಲ್ಲದಿದ್ದರೆ ಆ ದಾರಿಯಲ್ಲಿ ಮೊದಲ ಹೆಜ್ಜೆಯೇ ಕಷ್ಟ. ದೂರು ಕೊಡುವಾಗ ಕನ್ನಡದಲ್ಲೇ ಬರೆಯಿರಿ.

ಜೀಪು ಬಾಡಿಗೆಗೆ ಹತ್ತುವವರೂ ಸುಮ್ಮನೆ ಕೂರಬೇಡಿ. "ಅಣ್ಣಾ, ಸ್ಟೇರಿಂಗ್ ಒಂದ್ಸಲ ಅಲ್ಲಾಡಿಸಿ ನೋಡೋಣ" ಎಂದು ಡ್ರೈವರನ್ನು ಕೇಳಿ. ಒಳ್ಳೆಯ ಡ್ರೈವರ್ ಬೇಸರ ಮಾಡಿಕೊಳ್ಳುವುದಿಲ್ಲ, ಅವನ ಜೀವವೂ ಅದೇ ಗಾಡಿಯಲ್ಲಿದೆ. ಮಾಲೀಕರೇ, ಈ ಭಾನುವಾರ ಗಾಡಿ ತೊಳೆಯುವ ಮೊದಲು ಅದರ ಕೆಳಗೆ ನುಸುಳಿ ಆರು ಕೀಲುಗಳನ್ನು ನೋಡಿ ಬನ್ನಿ. ಸವೆದದ್ದು ಕಂಡರೆ, ಬದಲಿಸುವವರೆಗೆ ಘಾಟಿ ಇಳಿಸಬೇಡಿ.