ನರ್ಸಿಂಗ್ ಸ್ಕೂಲೋ? ಬಿಟ್ಟಿ ಚಾಕರಿಯೋ?

ಪಿ.ಯು.ಸಿ. ರಿಸಲ್ಟು ಬಂದ ವಾರದೊಳಗೆ ನಮ್ಮ ಕೇರಿಗೆ ಒಬ್ಬ ಮನುಷ್ಯ ಬರುತ್ತಾನೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಬಣ್ಣದ ಹಾಳೆ. ಊರೊಳಕ್ಕೆ ಹೋಗುವುದಿಲ್ಲ, ನೇರವಾಗಿ ಕೇರಿಗೇ ಬರುತ್ತಾನೆ. ಓಟಿನ ಕಾಲ ಬಿಟ್ಟರೆ ನಮ್ಮ ಜಗಲಿ ಮೇಲೆ ಕೂತು ನಮ್ಮ ಚೊಂಬಿನ ನೀರು ಕುಡಿಯುವವರು ಎಷ್ಟು ಜನ? ಇವನು ಕೂರುತ್ತಾನೆ, ಕುಡಿಯುತ್ತಾನೆ. "ಹುಡುಗೀನ ನರ್ಸಿಂಗ್‌ಗೆ ಸೇರಿಸಿ. ಫೀಸು ಬೇಡ, ಸ್ಕಾಲರ್‌ಶಿಪ್ ಬರ್ತದೆ. ಮಾರ್ಕ್ಸ್ ಕಾರ್ಡು ಕೊಡಿ, ಸಾಕು" ಅಂತಾನೆ.

ಗೆಳೆಯರೆ, ಆ ಕೊನೆಯ ಮಾತನ್ನು ಇನ್ನೊಂದು ಸಲ ಓದಿ. ಮಾರ್ಕ್ಸ್ ಕಾರ್ಡು ಕೊಡಿ, ಸಾಕು.

ನಮ್ಮ ತಾತ ಜೀತಕ್ಕಿದ್ದ. ಅವನನ್ನು ಕಟ್ಟಿಹಾಕಿದ್ದು ಹಗ್ಗವಲ್ಲ, ಹೆಬ್ಬೆಟ್ಟು ಒತ್ತಿದ ಒಂದು ಚೂರು ಕಾಗದ. ಆ ಕಾಗದ ಗೌಡರ ಪೆಟ್ಟಿಗೆಯಲ್ಲಿರುವ ತನಕ ತಾತನ ಮೈ ಗೌಡರದ್ದು. 1976ರಲ್ಲಿ ಜೀತ ರದ್ದಿನ ಕಾಯ್ದೆ ಬಂತು. ಈಗ ನಮ್ಮ ಮಗಳು ಓದಿ ಪಾಸಾಗಿ ತಂದ ಕಾಗದವೇ ಇನ್ನೊಬ್ಬರ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರುತ್ತದೆ. ಹೆಬ್ಬೆಟ್ಟು ಹೋಗಿ ಎಸ್.ಎಸ್.ಎಲ್.ಸಿ. ಬಂತು. ಪೆಟ್ಟಿಗೆ ಹೋಗಿ ಬೀರು ಬಂತು. ಬದಲಾದದ್ದು ಇಷ್ಟೇನಾ?

ನಾನು ನರ್ಸು. 2009ರಲ್ಲಿ ಇಂಥದೇ ಒಬ್ಬ ಏಜೆಂಟನ ಬೆನ್ನು ಹತ್ತಿ ಜಿ.ಎನ್.ಎಂ.ಗೆ ಸೇರಿದವಳು. ಆಗ ಅದು ಮೂರೂವರೆ ವರ್ಷದ ಕೋರ್ಸು, ಈಗ ಮೂರು ವರ್ಷ. ಇದನ್ನು ಬರೆಯುತ್ತಿರುವುದು "ನರ್ಸಿಂಗ್‌ಗೆ ಹೋಗಬೇಡಿ" ಅನ್ನಲಿಕ್ಕಲ್ಲ. ಹೋಗಿ. ನೂರಾರು ಮಂದಿ ಹೋಗಿ. ಆದರೆ ವಿದ್ಯಾರ್ಥಿನಿಯಾಗಿ ಹೋಗಿ, ಚಾಕರಿಯವಳಾಗಿ ಹೋಗಬೇಡಿ. ನನಗಿರುವುದು ಇದೊಂದೇ ಮಾತು.

ಮೊದಲು ಅರ್ಜಿಯ ವಿಚಾರ. ಏಜೆಂಟನ ಬಣ್ಣದ ಹಾಳೆಯಲ್ಲಿ ಇಲ್ಲದ್ದನ್ನು ಕೇಳಿಕೊಳ್ಳಿ.

ದಾರಿ ಎರಡಿವೆ. ಒಂದು ಬಿ.ಎಸ್ಸಿ. ನರ್ಸಿಂಗ್, ನಾಲ್ಕು ವರ್ಷ. ಇದಕ್ಕೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಇಂಗ್ಲಿಷೂ ಪಾಸಾಗಿರಬೇಕು. ಉಳಿದವರಿಗೆ ನೂರಕ್ಕೆ 45, ಪರಿಶಿಷ್ಟರಿಗೆ 40 ಸಾಕು. ಇನ್ನೊಂದು ಜಿ.ಎನ್.ಎಂ. ಡಿಪ್ಲೊಮಾ. ಇದಕ್ಕೆ ಆರ್ಟ್ಸ್ ಓದಿದ ಹುಡುಗಿಯೂ ಹೋಗಬಹುದು. "ಸೈನ್ಸ್ ಇಲ್ಲ, ಆದ್ರೂ ಹೇಗೋ ಸೀಟು ಮಾಡಿಸಿಕೊಡ್ತೀನಿ" ಅಂತ ಏಜೆಂಟು ದುಡ್ಡು ಕೇಳಿದರೆ ತಿಳಿದುಕೊಳ್ಳಿ, ಕಾನೂನು ನಿಮಗೆ ಕೊಟ್ಟದ್ದನ್ನೇ ಅವನು ನಿಮಗೆ ಮಾರುತ್ತಿದ್ದಾನೆ. ಬಿ.ಎಸ್ಸಿ.ಯ ಸರ್ಕಾರಿ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಏಜೆಂಟಲ್ಲ, ಎಮ್ಮೆಲ್ಲೆಯ ಭಾಮೈದನೂ ಅಲ್ಲ. ಅಲ್ಲಿ ಮೀಸಲಾತಿ ಇದೆ. ಜಾತಿ ಸರ್ಟಿಫಿಕೇಟು, ಆದಾಯದ ಸರ್ಟಿಫಿಕೇಟು ರಿಸಲ್ಟಿಗೆ ಮುಂಚೆಯೇ ನಾಡಕಚೇರಿಯಲ್ಲಿ ಮಾಡಿಸಿ ಇಟ್ಟುಕೊಳ್ಳಿ. ಸರ್ಟಿಫಿಕೇಟು ಒಂದು ದಿನ ತಡವಾದರೂ ಸೀಟು ಕೈಬಿಟ್ಟು ಹೋಗಬಹುದು.

ಕಾಲೇಜು ನೋಡಲು ಹೋದಾಗ ಗೋಡೆಗೆ ಹೊಡೆದ ಬಣ್ಣ ನೋಡಬೇಡಿ. ನಾಲ್ಕು ಪ್ರಶ್ನೆ ಕೇಳಿ. ಸ್ವಂತ ಆಸ್ಪತ್ರೆ ಇದೆಯಾ, ಹಾಸಿಗೆ ಎಷ್ಟು? 100 ಇರಬೇಕು ಅನ್ನುತ್ತದೆ ನಿಯಮ. ಪರೀಕ್ಷೆ ಯಾರು ನಡೆಸುತ್ತಾರೆ? ಬಿ.ಎಸ್ಸಿ.ಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ, ಜಿ.ಎನ್.ಎಂ.ಗೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಓದು ಮುಗಿದ ಮೇಲೆ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಣಿ ಆಗುತ್ತದಾ? ಆಗದಿದ್ದರೆ ಆ ಕೋರ್ಸು ಗೋಡೆಗೆ ತೂಗುಹಾಕುವ ಫೋಟೋ ಅಷ್ಟೆ. ಕೊನೆಯದಾಗಿ, ಒರಿಜಿನಲ್ ದಾಖಲೆ ನೋಡಿ ವಾಪಸ್ಸು ಕೊಡ್ತೀರಾ, ಇಟ್ಕೊತೀರಾ? "ಇಟ್ಕೊತೀವಿ" ಅಂದರೆ ಅಲ್ಲಿಂದಲೇ ತಿರುಗಿ ಬಸ್ಸು ಹತ್ತಿ.

ಸ್ಕಾಲರ್‌ಶಿಪ್ಪು ಏಜೆಂಟನ ಜೇಬಿನಿಂದ ಬರುವುದಿಲ್ಲ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ಇದೆ. ಇವತ್ತು ತಂದೆತಾಯಿಯ ವರ್ಷದ ಆದಾಯ ಎರಡೂವರೆ ಲಕ್ಷದ ಒಳಗಿರುವ ಮಕ್ಕಳಿಗೆ ಅದು ಹಕ್ಕು. ಅದು ತಡವಾಗಿ ಬರುತ್ತದೆ, ನಿಜ. ತಡ ಮಾಡಿದ್ದು ಸರ್ಕಾರ. ಆದರೆ ಹಾಲ್ ಟಿಕೆಟ್ ತಡೆಹಿಡಿದು ಬಿಸಿಲಲ್ಲಿ ನಿಲ್ಲಿಸುವುದು ಯಾರನ್ನ? ನಮ್ಮ ಹುಡುಗಿಯನ್ನ. ಇದ್ಯಾವ ನ್ಯಾಯ?

ಈಗ ಟೈಮ್‌ಟೇಬಲ್ಲಿನ ಕಥೆ.

ನಾನು ಓದಿದ ಕಡೆ ಬೆಳಿಗ್ಗೆ 8ರಿಂದ 2ರ ತನಕ ವಾರ್ಡು. ಎರಡೂವರೆಯಿಂದ ಐದೂವರೆ ತನಕ ಕ್ಲಾಸು. ವಾರಕ್ಕೆ ಆರು ದಿನ. ಲೆಕ್ಕ ಹಾಕಿ. ವಾರ್ಡು 36 ಗಂಟೆ, ಕ್ಲಾಸು 18 ಗಂಟೆ, ಕೂಡಿದರೆ 54. ಇದು ಸುಖದ ವಾರದ ಲೆಕ್ಕ. ಸ್ಟಾಫ್ ನರ್ಸು ಕೆಲಸ ಬಿಟ್ಟು ಹೋದ ವಾರ ಭಾನುವಾರವೂ ವಾರ್ಡೇ. ನೈಟ್ ಡ್ಯೂಟಿ ಬಿದ್ದರೆ ರಾತ್ರಿ 8ರಿಂದ ಬೆಳಿಗ್ಗೆ 8, ಹನ್ನೆರಡು ಗಂಟೆ. ಆಮೇಲೆ ಮುಖ ತೊಳೆದು ಅನಾಟಮಿ ಕ್ಲಾಸಿಗೆ ಹೋಗಿ ಕೂರಬೇಕು. ಕನ್ನಡದಲ್ಲಿ ಓದಿ ಬಂದ ಹುಡುಗಿ ಇಂಗ್ಲಿಷಿನ ಪುಸ್ತಕವನ್ನು ಒಂದೊಂದೇ ಪದ ಹಿಡಿದು ಓದಬೇಕಾದ ಹೊತ್ತಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. "ಇವ್ರಿಗೆ ತಲೆ ಇಲ್ಲ" ಅಂದರು ಮೇಡಂ. ತಲೆ ಇತ್ತು ಮೇಡಂ. ನಿದ್ದೆ ಇರಲಿಲ್ಲ.

54 ಅನ್ನುವ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಬ್ರಿಟಿಷರ ಕಾಲದ ಕಾರ್ಖಾನೆಯಲ್ಲಿ ಕೂಲಿಯವನಿಗೆ ವಾರಕ್ಕೆ 54 ಗಂಟೆ ದುಡಿಮೆ. ಬಾಬಾಸಾಹೇಬರು 1942ರಿಂದ 1946ರ ತನಕ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದರು. 1946ರ ಕಾರ್ಖಾನೆ ತಿದ್ದುಪಡಿ ಕಾಯ್ದೆಯಲ್ಲಿ ಆ 54 ಇಳಿದು 48 ಆಯಿತು. ಅವರ ಫೋಟೋಕ್ಕೆ ಹಾರ ಹಾಕುವ ಮನೆಯ ಮಗಳು ಅರವತ್ತು ವರ್ಷದ ಮೇಲೂ 54 ಗಂಟೆ ನಿಂತಿದ್ದಳು. ಕಾರ್ಖಾನೆಯವನಿಗೆ ಕೂಲಿಯಾದರೂ ಇತ್ತು. ಇವಳು ಫೀಸು ಕಟ್ಟಿ ದುಡಿದಳು!

ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಪುಸ್ತಕದಲ್ಲಿರುವುದೇ ಬೇರೆ. 2021ರಲ್ಲಿ ಗೆಜೆಟ್‌ನಲ್ಲಿ ಬಂದ ಬಿ.ಎಸ್ಸಿ. ಪಠ್ಯಕ್ರಮ ವಾರಕ್ಕೆ 40 ಗಂಟೆ ಅನ್ನುತ್ತದೆ. ಕೊನೆಯ ಸೆಮಿಸ್ಟರಿನ ಇಂಟರ್ನ್‌ಷಿಪ್ಪಿಗೆ ಮಾತ್ರ 48. ಅದೇ ನಿಯಮ ಇನ್ನೊಂದನ್ನೂ ಹೇಳುತ್ತದೆ: ಪರೀಕ್ಷೆಗೆ ಕೂರಲು ನೂರಕ್ಕೆ 80 ಹಾಜರಿ ಬೇಕು, ಡಿಗ್ರಿ ಸಿಗುವ ಮುಂಚೆ ಪ್ರಾಕ್ಟಿಕಲ್ಲಿನಲ್ಲಿ 100ಕ್ಕೆ 100 ಆಗಬೇಕು. ಮ್ಯಾನೇಜ್‌ಮೆಂಟಿಗೆ 100 ನೆನಪಿರುತ್ತದೆ, 40 ಮರೆತುಹೋಗುತ್ತದೆ. ಜ್ವರ ಬಂದು ಮಲಗಿದ ದಿನವನ್ನು ಬಡ್ಡಿ ಸಮೇತ ವಾರ್ಡಿನಲ್ಲಿ ತೀರಿಸಿಕೊಳ್ಳುತ್ತಾರೆ. ಹೆಚ್ಚುವರಿ ದುಡಿದ ಗಂಟೆಯನ್ನು ಯಾರ ಖಾತೆಗೆ ಜಮಾ ಮಾಡುತ್ತಾರೆ?

ಕೇಳಿದರೆ ಒಂದು ಪದ ತೆಗೆದು ಎಸೆಯುತ್ತಾರೆ. ಸೇವೆ! "ನರ್ಸಿಂಗ್ ಅಂದ್ರೆ ಸೇವೆ ಕಣಮ್ಮ, ಗಂಟೆ ನೋಡಬಾರದು." ಆಸ್ಪತ್ರೆಯ ಮಾಲೀಕ ರೂಮಿನ ಬಾಡಿಗೆಗೆ ಗಂಟೆ ನೋಡುತ್ತಾನೆ, ಆಕ್ಸಿಜನ್ನಿಗೆ ನಿಮಿಷ ನೋಡುತ್ತಾನೆ. ಸೇವೆ ಮಾತ್ರ ನಮಗೆ! ಈ ಪದ ನಮಗೆ ಹೊಸದಲ್ಲ. ಊರಿನ ಸತ್ತ ದನ ಎಳೆಸಿದಾಗಲೂ, ಹಬ್ಬಕ್ಕೆ ತಮಟೆ ಬಡಿಸಿದಾಗಲೂ ಅದನ್ನು ಸೇವೆ ಅಂತಲೇ ಕರೆದರು. ಕೂಲಿ ಕೊಡದ ಕೆಲಸಕ್ಕೆಲ್ಲ ಈ ದೇಶದಲ್ಲಿ ಪೂಜ್ಯವಾದ ಒಂದು ಹೆಸರಿದೆ.

ನಿಜವಾದ ಸೇವೆ ಯಾವುದು ಅಂತ ನಮಗೆ ಗೊತ್ತು. 1897ರಲ್ಲಿ ಪುಣೆಯಲ್ಲಿ ಪ್ಲೇಗು ಬಂದಾಗ ಸಾವಿತ್ರಿಬಾಯಿ ಫುಲೆ ರೋಗಿಗಳನ್ನು ಮಗ ಯಶವಂತನ ಆಸ್ಪತ್ರೆಗೆ ಸಾಗಿಸಿದರು, ಅದೇ ರೋಗ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಆ ತಾಯಿಯ ಹೆಸರು ಹೇಳಿ ಯಾರೂ ಬ್ಯಾಲೆನ್ಸ್ ಶೀಟು ಬರೆಯಲಿಲ್ಲ.

ವಾರ್ಡಿನೊಳಗೆ ಇನ್ನೊಂದು ಟೈಮ್‌ಟೇಬಲ್ ಇದೆ. ಅದನ್ನು ಗೋಡೆಗೆ ಅಂಟಿಸುವುದಿಲ್ಲ. ನಾನು ಮೆಡಿಕಲ್ ವಾರ್ಡಿನಲ್ಲಿದ್ದ ಆರು ವಾರದಲ್ಲಿ ಬೆಡ್‌ಪ್ಯಾನ್ ನನ್ನದು, ವಾಂತಿ ಬಳಿಯುವುದು ನನ್ನದು, ಹೆಣ ತೊಳೆಯುವುದು ನನ್ನದು. ಡಾಕ್ಟರ ರೌಂಡ್ಸಿನಲ್ಲಿ ನಿಲ್ಲುವುದು, ಇಂಜೆಕ್ಷನ್ ಹಾಕುವುದು, ಡ್ರಿಪ್ ಏರಿಸುವುದು ಬೇರೆಯವರದ್ದು. ಜಾತಿ ಹೆಸರು ಯಾರೂ ಎತ್ತಲಿಲ್ಲ. "ಸ್ಕಾಲರ್‌ಶಿಪ್ ಹುಡುಗೀರು ಆ ಕಡೆ" ಅನ್ನುತ್ತಿದ್ದರು. ಅದೇ ನಮ್ಮ ಹೊಸ ಹೊಲಗೇರಿ. ಬೆಡ್‌ಪ್ಯಾನ್ ಎತ್ತುವುದು ಕೀಳಲ್ಲ. ರೋಗಿಯ ಮೈ ಮುಟ್ಟದವಳು ನರ್ಸೇ ಅಲ್ಲ. ಆದರೆ ಒಬ್ಬಳ ಕೈಗೇ ಅದನ್ನು ಕೊಟ್ಟು, ಇನ್ನೊಬ್ಬಳ ಕೈಗೇ ಸಿರಿಂಜು ಕೊಡುವುದು ಕೀಳು. ಆರು ವಾರ ಸಿರಿಂಜು ಹಿಡಿಯದವಳು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಏನು ಮಾಡಿ ತೋರಿಸಬೇಕು?

ನನ್ನ ರೂಮಿನಲ್ಲಿ ಒಬ್ಬಳಿದ್ದಳು. ನಮ್ಮ ಪಕ್ಕದ ತಾಲ್ಲೂಕಿನವಳು, ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಳು. ಎರಡನೇ ವರ್ಷ ಸತತ ನೈಟ್ ಡ್ಯೂಟಿಯಲ್ಲಿ ರಕ್ತ ಕಡಿಮೆಯಾಗಿ ವಾರ್ಡಿನಲ್ಲೇ ಬಿದ್ದಳು. ಮನೆಗೆ ಹೋದಳು. ಅವಳ ಅಪ್ಪ ಬಂದು ಮಾರ್ಕ್ಸ್ ಕಾರ್ಡು ಕೇಳಿದರೆ "ಪೂರ್ತಿ ಕೋರ್ಸಿನ ಫೀಸು ಕಟ್ಟಿ ತಗೊಂಡು ಹೋಗು" ಅಂದರು. ಆತ ಆಫೀಸಿನ ಮೆಟ್ಟಿಲ ಮೇಲೆ ಸಂಜೆ ತನಕ ಕೂತಿದ್ದು ಹೋದ. ಅವಳು ಆಮೇಲೆ ಗಾರ್ಮೆಂಟ್ಸ್ ಸೇರಿದಳು. ಕಾರ್ಡು ಆ ಬೀರುವಿನಿಂದ ಹೊರಗೆ ಬರಲೇ ಇಲ್ಲ.

ಆ ರಾತ್ರಿ ನಾವು ಹನ್ನೊಂದು ಹುಡುಗಿಯರು ಒಂದು ತೀರ್ಮಾನ ಮಾಡಿದೆವು. ತಲೆಗೊಂದು ಹತ್ತು ರೂಪಾಯಿಯ ನೋಟ್‌ಬುಕ್ ತಂದೆವು. ದಿನಾ ಐದು ವಿಷಯ ಬರೆದೆವು: ತಾರೀಖು, ಯಾವ ವಾರ್ಡು, ಒಳಗೆ ಹೋದ ಹೊತ್ತು ಮತ್ತು ಹೊರಬಂದ ಹೊತ್ತು, ಕಲಿಸಲು ಟೀಚರು ಇದ್ದರೋ ಇಲ್ಲವೋ, ಕೈಯಿಂದ ಮಾಡಿದ ಕೆಲಸ ಏನು. ಎರಡು ತಿಂಗಳು ಬರೆದೆವು. ಕೂಡಿಸಿದಾಗ ನಮಗೇ ಗಾಬರಿಯಾಯಿತು. ಒಬ್ಬಳದು ಒಂದು ವಾರ 71 ಗಂಟೆ. ಇನ್ನೊಬ್ಬಳ ಎರಡು ತಿಂಗಳ ಪುಸ್ತಕದಲ್ಲಿ ಇಂಜೆಕ್ಷನ್ ಅನ್ನುವ ಪದವೇ ಇಲ್ಲ.

ಹನ್ನೊಂದೂ ಪುಸ್ತಕ ತಗೊಂಡು ಪ್ರಿನ್ಸಿಪಾಲರ ರೂಮಿಗೆ ಹೋದೆವು. ಕೂಗಾಡಿದರು. ಇಂಟರ್ನಲ್ ಮಾರ್ಕ್ಸು ತಮ್ಮ ಕೈಯಲ್ಲಿದೆ ಅಂತ ನೆನಪಿಸಿದರು. "ಸರಿ ಸಾರ್, ಒಂದು ಪ್ರತಿ ನರ್ಸಿಂಗ್ ಪರಿಷತ್ತಿಗೆ, ಒಂದು ಪ್ರತಿ ಸಮಾಜ ಕಲ್ಯಾಣ ಅಧಿಕಾರಿಗೆ ಕಳಿಸ್ತೀವಿ" ಅಂದೆವು. ಕೂಗು ನಿಂತಿತು. ಮುಂದಿನ ತಿಂಗಳಿಂದ ಭಾನುವಾರ ರಜೆ ಸಿಕ್ಕಿತು. ನೈಟ್ ಡ್ಯೂಟಿಯ ಮಾರನೇ ದಿನ ಕ್ಲಾಸಿಲ್ಲ ಅಂತಾಯಿತು. ಇಂಜೆಕ್ಷನ್ನೂ ಬೆಡ್‌ಪ್ಯಾನೂ ರೋಲ್ ನಂಬರಿನ ಸರದಿಗೆ ಬಂದವು. ನಮ್ಮಲ್ಲಿ ಇಬ್ಬರಿಗೆ ಇಂಟರ್ನಲ್ ಮಾರ್ಕ್ಸು ಕತ್ತರಿಸಿದರು, ಅದೂ ನಿಜ. ಮುಚ್ಚಿಡುವುದಿಲ್ಲ. ಇಬ್ಬರೂ ಮತ್ತೆ ಕೂತು ಪಾಸಾದರು.

ಪ್ರತಿ ವರ್ಷ ದೀಪ ಹಚ್ಚಿಸಿ, ಫ್ಲಾರೆನ್ಸ್ ನೈಟಿಂಗೇಲ್ ಹೆಸರಲ್ಲಿ ಪ್ರಮಾಣ ಮಾಡಿಸುತ್ತಾರೆ. ಆಕೆಯ ಕೈಯಲ್ಲಿ ದೀಪ ಮಾತ್ರ ಇರಲಿಲ್ಲ, ಲೆಕ್ಕದ ಪುಸ್ತಕವೂ ಇತ್ತು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗದಿಂದ ಸತ್ತರು ಅಂತ ಅಂಕಿ ಹಿಡಿದು ಸರ್ಕಾರದ ಮುಖಕ್ಕೆ ತೋರಿಸಿದವಳು ಆಕೆ. ನಮಗೆ ದೀಪ ಕೊಟ್ಟರು, ಲೆಕ್ಕ ಬಚ್ಚಿಟ್ಟರು.

ಈಗ ನಮ್ಮವರಿಗೆ ಒಂದು ಮಾತು. ಬೈಸಿಕೊಳ್ಳಲು ತಯಾರಾಗಿಯೇ ಬರೆಯುತ್ತಿದ್ದೇನೆ. ಹುಡುಗ ಇಂಜಿನಿಯರಿಂಗ್ ಸೇರಿದರೆ ಸಭೆಯಲ್ಲಿ ಶಾಲು ಹೊದಿಸುತ್ತೀರಿ. ಹುಡುಗಿ ನರ್ಸಿಂಗ್ ಸೇರಿದರೆ "ಹೆಂಗೋ ಒಂದು ದಾರಿ ಆಯ್ತು" ಅಂತೀರಿ. ರಜೆಗೆ ಬಂದವಳಿಗೆ ಪೊರಕೆ, ಒಲೆ, ತಮ್ಮನ ಬಟ್ಟೆ. ಅವಳು ಓದಬೇಕಾದ ಹೊತ್ತು ಯಾವುದು? ವಾರ್ಡಿನವರು ಕದ್ದು ಬಿಟ್ಟ ಗಂಟೆಯನ್ನು ಮನೆಯವರೂ ಕದಿಯುವುದಾದರೆ ನಮಗೂ ಆ ಮಾಲೀಕನಿಗೂ ಏನು ವ್ಯತ್ಯಾಸ?

ನಮ್ಮ ಒತ್ತಾಯ ಇಷ್ಟು:

1. ಯಾವ ಕಾಲೇಜೂ ಒರಿಜಿನಲ್ ದಾಖಲೆ ಒತ್ತೆ ಇಟ್ಟುಕೊಳ್ಳಬಾರದು. ಇಟ್ಟುಕೊಂಡರೆ ಅದನ್ನು ಜೀತ ಅಂತಲೇ ನೋಡಬೇಕು.

2. ವಾರದ 40 ಗಂಟೆಯ ಟೈಮ್‌ಟೇಬಲ್ ಕಾಲೇಜಿನ ಗೋಡೆಗೆ ಕನ್ನಡದಲ್ಲಿ ಅಂಟಿಸಬೇಕು. ಸ್ಟಾಫ್ ನರ್ಸಿನ ಖಾಲಿ ಜಾಗಕ್ಕೆ ವಿದ್ಯಾರ್ಥಿನಿಯನ್ನು ಹಾಕಬಾರದು.

3. ವಾರ್ಡಿನ ಕೆಲಸ ರೋಲ್ ನಂಬರಿನ ಸರದಿಯಲ್ಲಿ ಹಂಚಬೇಕು.

4. ವಿದ್ಯಾರ್ಥಿವೇತನ ಬರಲಿಲ್ಲ ಅಂತ ಹಾಲ್ ಟಿಕೆಟ್ ತಡೆಯಬಾರದು.

5. ರಾತ್ರಿ 8ಕ್ಕೆ ಡ್ಯೂಟಿ ಮುಗಿಸಿ ಬರುವ ಹುಡುಗಿಗೆ ಸಮಾಜ ಕಲ್ಯಾಣ ಹಾಸ್ಟೆಲಿನಲ್ಲಿ ಊಟ ಇಟ್ಟಿರಬೇಕು, ಗೇಟು ತೆರೆದಿರಬೇಕು.

ಈ ವರ್ಷ ಅರ್ಜಿ ಹಾಕುತ್ತಿರುವ ತಂಗಿಯರೆ, ಬಿಳಿ ಬಟ್ಟೆ ಹೊಲಿಸುವ ಮುಂಚೆ ಒಂದು ನೋಟ್‌ಬುಕ್ ಕೊಳ್ಳಿ. ಮೊದಲ ದಿನದಿಂದ ಬರೆಯಿರಿ. ಒಬ್ಬಳೇ ಬರೆದರೆ ಡೈರಿ. ಹನ್ನೊಂದು ಜನ ಬರೆದರೆ ಸಾಕ್ಷಿ. ಏಜೆಂಟು ನಿಮ್ಮ ಜಗಲಿಗೆ ಬಂದಾಗ ನೀರು ಕೊಡಿ, ಅದು ನಮ್ಮ ಮರ್ಯಾದೆ.

ಮಾರ್ಕ್ಸ್ ಕಾರ್ಡು ಮಾತ್ರ ಕೊಡಬೇಡಿ.

— ಒಬ್ಬ ಸ್ಟಾಫ್ ನರ್ಸ್